ಸಿಪ್ಪೆ ನೋಡಿ ಸಿನಿಮಾ ಹೇಳುವ ಹುಲಗೆಮ್ಮ

ಬೆಳಗಿನ ಐದೂವರೆ. ಗಂಗಾವತಿಯ ಈ ಟಾಕೀಜಿನಲ್ಲಿ ಪರದೆ ಖಾಲಿ ಇದೆ, ಗೋಡೆಯ ಮೇಲೊಂದು ಟ್ಯೂಬ್‌ಲೈಟ್ ಮಾತ್ರ ಉರಿಯುತ್ತಿದೆ. ಹದಿನೇಳನೇ ಸಾಲಿನ ಕುರ್ಚಿಗಳ ಕೆಳಗೆ ಟಾರ್ಚ್ ಬಿಟ್ಟುಕೊಂಡು ಹುಲಗೆಮ್ಮ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಕಸಬರಿಗೆ ಪಕ್ಕದಲ್ಲಿದೆ, ಇನ್ನೂ ಕೈಗೆ ಬಂದಿಲ್ಲ. ಗುಡಿಸುವ ಮೊದಲು ಅವರು ನೆಲವನ್ನು ಒಂದು ಸುತ್ತು ಓದುತ್ತಾರೆ. ಓದುತ್ತಾರೆ ಎಂಬ ಮಾತನ್ನು ನಾನು ಅಲಂಕಾರಕ್ಕೆ ಬಳಸುತ್ತಿಲ್ಲ.

"ಇಲ್ಲಿ ನೋಡ್ರಿ ಸರ, ಇದು ಮಿರ್ಚಿ ಭಜಿ ಕಟ್ಟಿದ ಕಾಗದ. ಮಿರ್ಚಿ ಇಂಟರ್‌ವಲ್‌ನ್ಯಾಗ ಬರ್ತಾವ. ಅಂದ್ರ ಈ ಕಾಗದದ ತೆಳಗ ಬಿದ್ದಿದ್ದು ಇಂಟರ್‌ವಲ್‌ಗಿಂತ ಮೊದಲಿಂದು, ಮ್ಯಾಲೆ ಬಿದ್ದಿದ್ದು ಆಮ್ಯಾಲಿಂದು. ತೆಳಗಿನ ಶೇಂಗಾ ಸಿಪ್ಪಿ ಹೆಂಗ ದೂರ ದೂರ ಚೆಲ್ಯಾವ ನೋಡ್ರಿ. ಕಣ್ಣು ಪಡದೆ ಮ್ಯಾಲಿದ್ರ ಕೈ ಎಲ್ಲಿ ಹೊಂಟೈತಿ ಅನ್ನೋದು ಮನಷ್ಯಾಗ ಗೊತ್ತಿರಂಗಿಲ್ಲ. ಮ್ಯಾಲಿನ ಸಿಪ್ಪಿ ನೋಡ್ರಿ, ಎಲ್ಲಾ ಒಂದ ಕಡೆ ಗುಡ್ಡಿ. ಕೈ ನೋಡ್ಕೋತ ತಿಂದಾನ. ಪಡದೆ ಬ್ಯಾಸರ ಆಗೇತಿ ಅವಗ."

ಮೊಣಕಾಲ ಮೇಲೆ ಕೈಯೂರಿ ಎದ್ದು ತೀರ್ಪು ಹೇಳುತ್ತಾರೆ: "ಅರ್ಧ ಸಿನಿಮಾ ಛಲೋ ಐತಿ, ಅರ್ಧ ಎಳದಾರ." ಹಿಂದಿನ ದಿನ ಸಂಜೆ ಇದೇ ಸಿನಿಮಾ ನೋಡಿ, ಲಾಡ್ಜಿನ ಮಂಚದ ಮೇಲೆ ಕೂತು ಐದುನೂರು ಪದಗಳ ವಿಮರ್ಶೆ ಬರೆದವನು ನಾನು. ಅದರ ಸಾರವೂ ಇಷ್ಟೇ. ಹದಿನಾಲ್ಕು ವರ್ಷದಿಂದ ಸಿನಿಮಾಗಳಿಗೆ ನಕ್ಷತ್ರ ಹಂಚುತ್ತ ಬಂದಿದ್ದೇನೆ, ಒಮ್ಮೆಯೂ ಕುರ್ಚಿಯ ಕೆಳಗೆ ಬಗ್ಗಿ ನೋಡಿದವನಲ್ಲ. ನಿಂತಲ್ಲೇ ಬೆರಗಾದೆ ಎಂದು ಬರೆಯಲು ನನಗೆ ಸಂಕೋಚವಿಲ್ಲ.

ಟಾಕೀಜಿನ ಮಾಲೀಕರು ಹೆಸರು ಹಾಕುವುದು ಬೇಡ ಎಂದಿದ್ದಾರೆ. ಸಿನಿಮಾಗಳ ಹೆಸರೂ ಬೇಡ ಎಂದು ಮ್ಯಾನೇಜರ್ ಕಾಶಿನಾಥ ಕೈಮುಗಿದು ಕೇಳಿಕೊಂಡಿದ್ದಾರೆ. ಹುಲಗೆಮ್ಮನ ಬಾಯಿಗೆ ಸಿಕ್ಕ ಸಿನಿಮಾದವರು ನಾಳೆ ಪ್ರಿಂಟ್ ಕೊಡದಿದ್ದರೆ ಏನು ಗತಿ ಎಂಬುದು ಅವರ ಚಿಂತೆ. ಉಳಿದದ್ದನ್ನು ಹೇಳುತ್ತೇನೆ. ಕೆಳಗೆ ನಾನೂರ ಎಪ್ಪತ್ತೆರಡು, ಬಾಲ್ಕನಿಯಲ್ಲಿ ನೂರ ನಲವತ್ತು ಕುರ್ಚಿಗಳಿವೆ. ದಿನಕ್ಕೆ ನಾಲ್ಕು ಆಟ. ಎರಡು ಆಟಗಳ ನಡುವೆ ಗುಡಿಸಲು ಸಿಗುವುದು ಇಪ್ಪತ್ತು ನಿಮಿಷ. ಕೊನೆಯ ಆಟದ ಕಸ ಮಾತ್ರ ಬೆಳಗಿನವರೆಗೆ ಅವರಿಗಾಗಿ ಕಾದಿರುತ್ತದೆ, ಓದುವುದಕ್ಕೆ ಅವರಿಗೆ ಇಷ್ಟವಾದ ಕಸವೂ ಅದೇ. ವಾರಕ್ಕೆ ಎರಡು ಕಸಬರಿಗೆ ಸವೆಯುತ್ತವೆ. ವಯಸ್ಸು ಐವತ್ಮೂರು ಇರಬಹುದು ಎನ್ನುತ್ತಾರೆ, ಖಾತ್ರಿಯಿಲ್ಲ.

ಹುಟ್ಟಿದ್ದು ಯಲಬುರ್ಗಾ ಕಡೆಯ ಒಣಭೂಮಿಯ ಊರಲ್ಲಿ. ಮದುವೆಯಾಗಿ ಸಿದ್ದಾಪುರಕ್ಕೆ ಬಂದಾಗ ಜೀವನದಲ್ಲಿ ಮೊದಲ ಸಲ ಕಾಲುವೆ ಕಂಡರಂತೆ. "ಇಷ್ಟು ನೀರು ಯಾರದು ಅಂತ ಕೇಳಿದ್ದೆ ನಮ್ಮತ್ತಿಗೆ. ನಕ್ಕು ನಕ್ಕು ಸಾಕಾದ್ರು" ಎಂದು ಈಗ ತಾವೂ ನಗುತ್ತಾರೆ. ಆ ನೀರಿನಲ್ಲೇ ಇಪ್ಪತ್ತೆರಡು ವರ್ಷ ನಿಂತು ಭತ್ತದ ಸಸಿ ನಾಟಿ ಮಾಡಿದರು. ಒಂದು ದಿನ ಮೊಣಕಾಲು ಮುಷ್ಕರ ಹೂಡಿದವು. ಇನ್ನು ಮೇಲೆ ಬಗ್ಗುವ ಕೆಲಸ ಕೂಡದು ಎಂದರು ಡಾಕ್ಟರು. ಗಂಡ ಕಾಳಪ್ಪ ಗಂಗಾವತಿಯ ರೈಸ್‌ಮಿಲ್ಲಿನಲ್ಲಿ ಹಮಾಲಿ, ಅವರ ಗುರುತಿನ ಮೇಲೆ ಸಿಕ್ಕಿದ್ದು ಟಾಕೀಜಿನ ಕೆಲಸ. ಇಲ್ಲೂ ಬಗ್ಗುವುದೇ. "ಆದ್ರ ಇಲ್ಲಿ ಕೆಸರಿಲ್ಲ ನೋಡ್ರಿ" ಎನ್ನುವುದು ಅವರ ಸಮಾಧಾನ. ಇದಕ್ಕೆ ಹನ್ನೊಂದು ವರ್ಷ ತುಂಬಿತು.

ಸಿದ್ದಾಪುರದ ಹಳೆಯ ನಾಟಿ ಗುಂಪು ಅವರನ್ನು ಬಿಟ್ಟಿಲ್ಲ, ಅವರೂ ಬಿಟ್ಟಿಲ್ಲ. ಇಪ್ಪತ್ತಾರು ಹೆಂಗಸರ ಗುಂಪು ಅದು, ಮುಂದಾಳು ಮೆಹಬೂಬಬೀ. ಈ ಗುಂಪಿನದೊಂದು ಪದ್ಧತಿ ಇದೆ. ಮುಂಗಾರಿನ ಕೊನೆಯ ಗದ್ದೆಯ ಕೊನೆಯ ಸಾಲು ಮುಗಿದ ಮರುದಿನ ಯಾರೂ ಕೂಲಿಗೆ ಹೋಗುವುದಿಲ್ಲ. ಎಲ್ಲರೂ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿ, ಎರಡು ಟಂಟಂ ಆಟೋ ಹಿಡಿದು ಗಂಗಾವತಿಗೆ ಬಂದು, ಒಂದೇ ಸಾಲಿನಲ್ಲಿ ಕೂತು ಒಂದು ಸಿನಿಮಾ ನೋಡುತ್ತಾರೆ. ವರ್ಷಕ್ಕೆ ಒಂದೇ. ಆ ಒಂದು ಯಾವುದು ಎಂದು ಹೇಳುವ ಜವಾಬ್ದಾರಿ ಹನ್ನೊಂದು ವರ್ಷದಿಂದ ಹುಲಗೆಮ್ಮನದು.

"ನೀವು ಪೇಪರ್‌ನ್ಯಾಗ ಬರದಿದ್ದು ತಪ್ಪಾದ್ರ ಓದಿದೋರು ಮುಂದಿನ ವಾರ ಇನ್ನೊಂದು ನೋಡ್ತಾರ" ಎಂದು ನನಗೆ ಮೆಹಬೂಬಬೀ ಬಿಡಿಸಿ ಹೇಳುತ್ತಾರೆ. "ನಮ್ಮ ಹುಲಗವ್ವ ತಪ್ಪಿದ್ರ ನಮಗ ಮುಂದಿನ ವರ್ಷನ."

ವರ್ಷಕ್ಕೊಂದೇ ನೋಡಿದರೂ ಉಳಿದವುಗಳ ಸಂಗತಿ ಅವರಿಗೆ ಬೇಕು. ಅದಕ್ಕೆಂದೇ ಪ್ರತಿ ಶನಿವಾರ ಬೆಳಿಗ್ಗೆ ಕಸ ಮುಗಿಸಿ, ಟಾಕೀಜಿನ ಮೆಟ್ಟಿಲ ಮೇಲೆ ಕೂತು ಹುಲಗೆಮ್ಮ ಫೋನಿಗೆ ಮಾತಾಡುತ್ತಾರೆ. ಆ ವಾಯ್ಸ್ ಮೆಸೇಜು ಮೆಹಬೂಬಬೀ ಫೋನಿಗೆ ಹೋಗುತ್ತದೆ. ಗದ್ದೆಗೆ ಹೊರಟ ಟಂಟಂನಲ್ಲಿ ಇಡೀ ಗುಂಪು ಅದನ್ನು ಕೇಳುತ್ತದೆ, ಡ್ರೈವರ್ ತನ್ನ ಹಾಡು ಬಂದ್ ಮಾಡುತ್ತಾನೆ. ಮಧ್ಯಾಹ್ನದ ಬುತ್ತಿ ಬಿಚ್ಚುವಷ್ಟರಲ್ಲಿ ಕಾಲುವೆ ಸೀಮೆಯ ಹತ್ತಾರು ಗುಂಪುಗಳಿಗೆ ಅದು ಹಂಚಿಹೋಗಿರುತ್ತದೆ. ಕಾಶಿನಾಥ ಕೂಡ ಕೇಳುತ್ತಾರೆ. "ಆನ್‌ಲೈನ್‌ನ್ಯಾಗ ಬುಕಿಂಗ್ ನೋಡ್ತೀನ್ರಿ, ಖರೆ. ಆದ್ರ ಎರಡನೇ ವಾರ ಓಡ್ತೈತೋ ಇಲ್ಲೋ ಅನ್ನಾಕ ನಮ್ಮ ಹುಲಗೆಮ್ಮನ್ನ ಕೇಳ್ತೀನಿ" ಎಂದು ಅವರು ತಗ್ಗಿದ ದನಿಯಲ್ಲಿ ಒಪ್ಪಿಕೊಳ್ಳುತ್ತಾರೆ.

ಕೆಲವು ಮೆಸೇಜುಗಳನ್ನು ನಾನೂ ಕೇಳಿದೆ. ಈಚಿನ ಒಂದು ಸಿನಿಮಾದಲ್ಲಿ ನಾಯಕಿ ಗದ್ದೆಯಲ್ಲಿ ಹಾಡುತ್ತ ನಾಟಿ ಮಾಡುತ್ತಾಳೆ. ಪತ್ರಿಕೆಗಳೆಲ್ಲ ಆ ಹಾಡಿನ ಛಾಯಾಗ್ರಹಣವನ್ನು ಹೊಗಳಿದ್ದವು, ನಾನೂ ಹೊಗಳಿದ್ದೆ. ಹುಲಗೆಮ್ಮ ಹೇಳಿದ್ದು ಹೀಗೆ: "ಯವ್ವಾ, ಆಕಿ ಮುಂದಕ್ಕ ಬರಾಕತ್ತಾಳ. ನಾಟಿ ಹಚ್ಚೋರು ಹಿಂದಕ್ಕ ಸರೀತಾರೋ ಮುಂದಕ್ಕ ಬರ್ತಾರೋ? ಹಚ್ಚಿದ ಸಸಿ ತಾನ ತುಳಕೊಂತ, ನಕ್ಕೊಂತ ಬಂದಾಳ. ಗದ್ದಿ ಧಣಿ ಬಾಜೂಕ ನಿಂತು ಚಪ್ಪಾಳಿ ಹೊಡೀತಾನ. ನಾವಾಗಿದ್ರ ಅಂವ ಹೆಂಗ ಬೈತಿದ್ದ." ಆ ದಿನ ಟಂಟಂನಲ್ಲಿ ನಗು ನಿಲ್ಲಲಿಲ್ಲವಂತೆ. ನಾನು ಆ ಹಾಡನ್ನು ಮತ್ತೆ ಹಾಕಿ ನೋಡಿದೆ. ಹೌದು, ಮುಂದಕ್ಕೇ ಬರುತ್ತಾಳೆ.

ಹೊಡೆದಾಟದ ದೊಡ್ಡ ಸಿನಿಮಾದ ಬಗ್ಗೆ ಅವರ ದೂರೇ ಬೇರೆ. "ಒಬ್ಬಂವ ನಲವತ್ತು ಮಂದಿನ್ನ ಹೊಡೀತಾನ, ಹೊಡೀಲಿ. ಆ ಕಾಜಿನ ಅಂಗಡಿ ಪೂರಾ ಒಡದು ಬಿತ್ತಲ್ಲ, ಅದರ ಕಸ ಯಾರು ಹೊಡೀತಾರ? ನನಗ ಮುಂದಿನ ಸೀನ್ ನೋಡಾಕ ಆಗ್ಲಿಲ್ಲ, ಮನಸ್ಸು ಅಲ್ಲೇ ಉಳೀತು." ನಾಲ್ಕೇ ದಿನ ಓಡಿ ಎದ್ದುಹೋದ ಸಣ್ಣ ಸಿನಿಮಾವೊಂದನ್ನು ಮಾತ್ರ ಅವರು ಇವತ್ತಿಗೂ ಮರೆತಿಲ್ಲ. ಅದರಲ್ಲಿ ಗಂಡನ ಮೇಲೆ ಸಿಟ್ಟಾದ ಹೆಂಗಸೊಬ್ಬಳು ಅಡುಗೆಮನೆಯಲ್ಲಿ ನಿಂತು ಚಹಾ ಸೋಸುತ್ತ ಅಳುತ್ತಾಳೆ. "ಅಳ್ತಾಳ, ಆದ್ರ ಒಂದು ಹನಿ ಚಾ ಹೊರಗ ಚೆಲ್ಲಂಗಿಲ್ಲ. ಅದು ಖರೆ. ಹಂಗ ಅಳ್ತೀವಿ ನಾವು." ಇದೇ ದೃಶ್ಯಕ್ಕೆ ನಾನು ಎರಡು ಪ್ಯಾರಾ ಖರ್ಚು ಮಾಡಿದ್ದೆ. ಆ ಹನಿ ನನಗೆ ಕಂಡಿರಲಿಲ್ಲ.

ಇಷ್ಟೆಲ್ಲ ಬಲ್ಲವರು ಹೋದ ವರ್ಷ ಎಡವಿದರು. ಹುಲಗೆಮ್ಮ ಅದನ್ನು ತಾವಾಗಿಯೇ ಹೇಳುತ್ತಾರೆ, ಹೇಳುವಾಗ ಕಸಬರಿಗೆಯ ಕಡ್ಡಿಗಳನ್ನು ಒಂದೊಂದಾಗಿ ಸರಿಮಾಡುತ್ತಾರೆ.

ಆಗಿದ್ದು ಇಷ್ಟು. ಅಲ್ಲಿಯವರೆಗೆ ಹತ್ತು ವರ್ಷ ಟಾಕೀಜಿನೊಳಗೇ ಇದ್ದರೂ ಅವರು ಒಂದೇ ಒಂದು ಸಿನಿಮಾವನ್ನೂ ಪೂರ್ತಿ ನೋಡಿರಲಿಲ್ಲ. ಬಾಗಿಲ ಬಳಿ ನಿಂತು ಇವತ್ತೊಂದು ತುಂಡು, ನಾಳೆಯೊಂದು ತುಂಡು, ಉಳಿದದ್ದನ್ನು ನೆಲ ಹೇಳುತ್ತಿತ್ತು. ಹೋದ ಮುಂಗಾರಿನ ನಾಟಿ ಮುಗಿಯುವ ವಾರ ಅವರಿಗೆ ಜ್ವರ. ನಾಲ್ಕು ದಿನ ಮಲಗಿ, ಮಂಗಳವಾರ ಬೆಳಿಗ್ಗೆ ತೂರಾಡುತ್ತ ಕೆಲಸಕ್ಕೆ ಬಂದರು. ಹೊಸ ಸಿನಿಮಾ ಹತ್ತಿತ್ತು, ಅದರ ತುಂಡೂ ನೋಡಿರಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ನೆಲ ಕನ್ನಡಿಯ ಹಾಗಿದೆ. ಸಿಪ್ಪೆಯಿಲ್ಲ, ಮಿರ್ಚಿ ಕಾಗದವಿಲ್ಲ. ಜನ ತಿನ್ನುವುದನ್ನೇ ಮರೆತು ನೋಡಿದ್ದಾರೆ, ಇಂಥ ಸಿನಿಮಾ ಹತ್ತು ವರ್ಷದಲ್ಲಿ ಬಂದಿಲ್ಲ ಎಂದುಕೊಂಡು ಅಲ್ಲಿಂದಲೇ ಫೋನ್ ಹಚ್ಚಿದರು. ಗುಂಪು ಮರುದಿನವೇ ಬಂತು.

"ಹಿಂದಿನ ದಿನ ಶ್ರಾವಣ ಸೋಮವಾರ ಆಗಿತ್ರಿ" ಎನ್ನುತ್ತಾರೆ ಹುಲಗೆಮ್ಮ. "ಮಂದಿ ಎಲ್ಲಾ ಒಪ್ಪತ್ತು ಇದ್ರು. ಉಪವಾಸ ಇದ್ದೋರು ಏನು ತಿಂತಾರ, ಏನು ಚೆಲ್ತಾರ. ಜ್ವರದಾಗ ನಾನು ವಾರ ಮರ್ತಿದ್ದೆ."

ಬರೀ ಬೇಸರದ ಸಿನಿಮಾ ಆಗಿದ್ದರೆ ಗುಂಪು ಒಂದು ವಾರ ಆಡಿಕೊಂಡು ನಕ್ಕು ಬಿಡುತ್ತಿತ್ತು. ಆದರೆ ಆ ಸಿನಿಮಾದ ಮಧ್ಯದಲ್ಲಿ ಒಬ್ಬ ಹುಡುಗ ಕಾಲುವೆಗೆ ಬಿದ್ದು ಸಾಯುತ್ತಾನೆ. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರಾದ ಶೇಖರಮ್ಮನ ತಮ್ಮ ಆಂಜನೇಯ ಹದಿನೈದು ವರ್ಷದ ಹಿಂದೆ ಹೀಗೇ ಹೋದವನು. ಕಾಲುವೆ ದಂಡೆಯಲ್ಲಿ ಗಾಡಿ ತೊಳೆಯುತ್ತಿದ್ದ, ಕಾಲು ಜಾರಿತು. ತಾಯಿಯಿಲ್ಲದ ಅವನನ್ನು ಎತ್ತಿ ಬೆಳೆಸಿದವರೇ ಶೇಖರಮ್ಮ. ಅವನನ್ನು ಹುಡುಕುತ್ತಿದ್ದ ಮೂರು ದಿನವೂ ದಂಡೆಯ ಮೇಲೆ ಆಕೆಯ ಪಕ್ಕ ಕೂತಿದ್ದವರು ಇದೇ ಹುಲಗೆಮ್ಮ.

ಪರದೆಯ ಮೇಲೆ ನೀರು ಕಾಣುತ್ತಿದ್ದಂತೆ ಶೇಖರಮ್ಮ ಎದ್ದು ಹೊರಗೆ ಹೋದರು, ಸಿನಿಮಾ ಮುಗಿಯುವ ತನಕ ಟಂಟಂನಲ್ಲಿ ಒಬ್ಬರೇ ಕೂತಿದ್ದರು. ಯಾರನ್ನೂ ಬೈಯಲಿಲ್ಲ. ಅಲ್ಲಿಂದೀಚೆಗೆ ಹುಲಗೆಮ್ಮನ ಜೊತೆ ಮಾತು ನಿಂತಿತು. ಶನಿವಾರದ ಮೆಸೇಜು ಹಚ್ಚಿದರೆ ಸೆರಗನ್ನು ಕಿವಿಗೆ ಸುತ್ತಿಕೊಂಡು ಹೊರಗೆ ನೋಡುತ್ತ ಕೂರುತ್ತಾರಂತೆ.

"ಅತ್ತದ್ದು ನೆಲದ ಮ್ಯಾಲೆ ಉಳಿಯಂಗಿಲ್ರಿ, ಸೆರಗಿನ್ಯಾಗ ಹೋಗ್ತೈತಿ" ಎನ್ನುತ್ತಾರೆ ಹುಲಗೆಮ್ಮ. "ಅದನ್ನ ನನಗ ಓದಾಕ ಬರಂಗಿಲ್ಲ. ನೋಡದ ಹೇಳಬಾರದಿತ್ತು. ಆಕಿ ಸಂಗಟ ಮೂರು ದಿನ ಕುಂತಾಕಿ ನಾನ, ನಾನ ಆಕಿನ್ನ ಮತ್ತ ಆ ನೀರಿಗೆ ಒಯ್ದೆ."

ಮರುವಾರವೇ ಅವರು ಕಾಶಿನಾಥರ ಮುಂದೆ ನಿಂತು ಒಂದು ಕುರ್ಚಿ ಕೇಳಿದರು. ಬಾಗಿಲ ಪಕ್ಕದ ಮೂಲೆಯಲ್ಲಿ ಅವರಿಗೊಂದು ಪ್ಲಾಸ್ಟಿಕ್ ಕುರ್ಚಿ ಬಂತು. ಈಗ ಪ್ರತಿ ಶುಕ್ರವಾರ ಮ್ಯಾಟಿನಿಯಲ್ಲಿ ಹೆಸರು ಬೀಳುವುದರಿಂದ ಹಿಡಿದು ಲೈಟು ಹತ್ತುವವರೆಗೆ ಅವರು ಅಲುಗುವುದಿಲ್ಲ. ಸೋಡಾ ಬಾಟಲಿ ಉರುಳಿದರೂ ಏಳುವುದಿಲ್ಲ. ಹೀಗೆ ವರ್ಷದಲ್ಲಿ ನಲವತ್ತೊಂದು ಸಿನಿಮಾ ಪೂರ್ತಿ ನೋಡಿದ್ದಾರೆ. ನೆಲವನ್ನು ಓದುವುದು ಬಿಟ್ಟಿಲ್ಲ, ಆದರೆ ನೆಲದ ಮಾತೊಂದನ್ನೇ ನಂಬಿ ಬಾಯಿ ಬಿಡುವುದಿಲ್ಲ. ಮೆಸೇಜಿನ ಕೊನೆಗೊಂದು ಹೊಸ ಮಾತು ಸೇರಿದೆ. ಯಾವ ಸಿನಿಮಾದಲ್ಲಿ ಬೆಂಕಿ ಬರುತ್ತದೆ, ಯಾವುದರಲ್ಲಿ ಕೂಸು ಸಾಯುತ್ತದೆ, ಯಾವುದರಲ್ಲಿ ಕುಡುಕ ಹೆಂಡತಿಯನ್ನು ಹೊಡೆಯುತ್ತಾನೆ ಎಂದು ಮೊದಲೇ ತಿಳಿಸುತ್ತಾರೆ. ಗುಂಪಿನಲ್ಲಿ ಯಾರ ಮನೆಯಲ್ಲಿ ಏನು ನಡೆದಿದೆ ಎಂದು ಅವರಿಗೆ ಗೊತ್ತು. ಯಾರ ಹೆಸರನ್ನೂ ಎತ್ತುವುದಿಲ್ಲ. ಕೇಳಬೇಕಾದವರಿಗೆ ಅದು ಕೇಳಿಸುತ್ತದೆ. ನಾನು ಕಂಡ ಯಾವ ವಿಮರ್ಶಕನೂ ಓದುಗನನ್ನು ಇಷ್ಟು ಹತ್ತಿರದಿಂದ ಬಲ್ಲವನಲ್ಲ, ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಈಗ ಮತ್ತೆ ಶ್ರಾವಣ. ಬುಧವಾರಕ್ಕೆ ಗುಂಪಿನ ನಾಟಿ ಮುಗಿಯುತ್ತದೆ, ಗುರುವಾರ ಸಿನಿಮಾ. ಊರಲ್ಲಿ ಎರಡು ಸಿನಿಮಾ ಓಡುತ್ತಿವೆ. ಒಂದು ದೊಡ್ಡದು, ಇನ್ನೊಂದು ಮದುವೆ ಬ್ಯಾಂಡಿನವರ ಕತೆ. ಶುಕ್ರವಾರ ಒಮ್ಮೆ, ಭಾನುವಾರ ಇನ್ನೊಮ್ಮೆ ಬ್ಯಾಂಡಿನ ಸಿನಿಮಾ ನೋಡಿ, ಸೋಮವಾರ ಬೆಳಿಗ್ಗೆ ಹುಲಗೆಮ್ಮ ಮೆಟ್ಟಿಲ ಮೇಲೆ ಕೂತರು. ಮಾತಾಡಲು ಶುರುಮಾಡಿ ಎರಡು ಸಲ ಅಳಿಸಿದರು. ಮೂರನೆಯದನ್ನು ಕಳಿಸಿದರು. ಮೊದಲ ಸಲ ಒಬ್ಬರ ಹೆಸರು ಹಿಡಿದು ಹೇಳಿದ್ದಾರೆ.

"ಬ್ಯಾಂಡಿಂದು ನೋಡೋಣ್ರೆವ್ವಾ. ಮಂದಿ ನಕ್ಕಾರ, ನಾನೂ ನಕ್ಕೀನಿ. ಹೊಡದಾಟ ಇಲ್ಲ. ಹಾಡು ಎರಡು ಛಲೋ ಅದಾವ, ಮೂರನೇದಕ್ಕ ನೀರು ಕುಡದು ಬರ್ರಿ. ಶೇಖರಕ್ಕಾ, ಇದು ನಿನಗ. ಇಂಟರ್‌ವಲ್ ಆದಮ್ಯಾಲೆ ಒಂದು ಬಾವಿ ಬರ್ತೈತಿ. ಬ್ಯಾಂಡಿನವರ ಪೀಪಿ ಬಾವ್ಯಾಗ ಬೀಳ್ತೈತಿ, ಒಬ್ಬ ಹುಡುಗ ಇಳೀತಾನ. ಮ್ಯಾಲೆ ಬರ್ತಾನಕ್ಕಾ. ನಾ ಎರಡು ಸಲ ನೋಡೀನಿ. ಎರಡೂ ಸಲ ಮ್ಯಾಲೆ ಬಂದಾನ."

ಶೇಖರಮ್ಮ ಕಿವಿಗೆ ಸೆರಗು ಸುತ್ತಿಕೊಂಡಿದ್ದರೋ ಇಲ್ಲವೋ ಮೆಹಬೂಬಬೀಗೆ ಗೊತ್ತಿಲ್ಲ. ಆ ಹೊತ್ತಿಗೆ ಮಳೆ ಹನಿಯುತ್ತಿತ್ತು, ಎಲ್ಲರೂ ತಲೆಗೆ ಸೆರಗು ಹೊದ್ದಿದ್ದರು.

ಗುರುವಾರ ಮಧ್ಯಾಹ್ನ ಎರಡು ಟಂಟಂ ಬಂದು ಟಾಕೀಜಿನ ಮುಂದೆ ನಿಲ್ಲುತ್ತವೆ. ಹುಲಗೆಮ್ಮ ಇವತ್ತು ಅರ್ಧ ದಿನ ರಜೆ ಹಾಕಿ, ಹಸಿರು ಇಳಕಲ್ ಸೀರೆ ಉಟ್ಟು ಗೇಟಿನ ಬಳಿ ನಿಂತಿದ್ದಾರೆ. ಇಳಿಯುವವರನ್ನು ತುಟಿ ಅಲುಗಿಸುತ್ತ ಎಣಿಸುತ್ತಿದ್ದಾರೆ. ಇಪ್ಪತ್ತೈದಾಯಿತು. ಎರಡನೇ ಟಂಟಂನಲ್ಲಿ ಇನ್ನೊಬ್ಬರು ಕೂತೇ ಇದ್ದಾರೆ. ಮೆಹಬೂಬಬೀ ಕೈ ಕೊಡುತ್ತಾರೆ, ಅವರು ಕೈ ಹಿಡಿಯದೆ ತಾವೇ ಇಳಿಯುತ್ತಾರೆ. ತೆಳ್ಳಗಿನ ದೇಹ, ಪೂರ್ತಿ ಬೆಳ್ಳಗಾದ ಕೂದಲು. ಹುಲಗೆಮ್ಮನ ಮುಂದೆಯೇ ಹಾದು ಒಳಗೆ ಹೋಗುತ್ತಾರೆ.

ಹದಿನೇಳನೇ ಸಾಲಿನ ತುದಿಯ ಕುರ್ಚಿಯನ್ನು, ಎದ್ದು ಹೋಗಲು ಸುಲಭವಾದ ಜಾಗವನ್ನು, ಶೇಖರಮ್ಮ ಆರಿಸಿಕೊಳ್ಳುತ್ತಾರೆ. ಪಕ್ಕದ ಕುರ್ಚಿಯನ್ನು ಉಳಿದವರು ಹೇಳದೆಯೇ ಖಾಲಿ ಬಿಟ್ಟಿದ್ದಾರೆ. ಹುಲಗೆಮ್ಮ ಅಲ್ಲಿ ಕೂರುತ್ತಾರೆ. ಟಾಕೀಜಿನ ಮೆತ್ತನೆಯ ಕುರ್ಚಿಯಲ್ಲಿ ಅವರು ಕೂತಿದ್ದು ಇದೇ ಮೊದಲು ಎಂದು ನನ್ನ ಜೊತೆ ಹಿಂದಿನ ಸಾಲಿನಲ್ಲಿದ್ದ ಕಾಶಿನಾಥ ಕಿವಿಯಲ್ಲಿ ಹೇಳುತ್ತಾರೆ. ನಾನು ಸಿನಿಮಾ ನೋಡಿದ್ದು ಕಡಿಮೆ, ಆ ಎರಡು ತಲೆಗಳನ್ನು ನೋಡಿದ್ದೇ ಹೆಚ್ಚು. ಸಾಲಿಗೆ ಸಾಲೇ ನಗುವಾಗ ಆ ಬಿಳಿ ತಲೆ ಅಲುಗುತ್ತಿರಲಿಲ್ಲ. ಇಂಟರ್‌ವಲ್ ಕಳೆಯಿತು. ಪರದೆಯ ಮೇಲೆ ಬ್ಯಾಂಡಿನವರು ಜಗಳವಾಡುತ್ತ ಬಾವಿಯ ಕಡೆ ನಡೆದಾಗ ಹುಲಗೆಮ್ಮ ಬಗ್ಗಿ ಏನೋ ಹೇಳಿದರು. ಹುಡುಗ ಹಗ್ಗ ಹಿಡಿದು ಇಳಿದ, ಪರದೆ ಕತ್ತಲಾಯಿತು. ಬಿಳಿ ತಲೆ ಕುರ್ಚಿ ಬಿಟ್ಟು ಏಳಲಿಲ್ಲ. ಹುಡುಗ ಪೀಪಿಯನ್ನು ಎತ್ತಿ ಹಿಡಿದು ಮೇಲೆ ಬಂದ. ಮೂರನೇ ಸಲವೂ ಬಂದ.

ಲೈಟು ಹತ್ತುತ್ತದೆ. ಬೇರೆ ಜನವೆಲ್ಲ ಹೊರಗೆ ಹೋದ ಮೇಲೆ ಹುಲಗೆಮ್ಮ ರೂಢಿಯಂತೆ ಸೊಂಟದಿಂದ ಟಾರ್ಚ್ ತೆಗೆದು, ತಮ್ಮ ಗುಂಪು ಕೂತಿದ್ದ ಸಾಲಿನ ಕೆಳಗೆ ಬೆಳಕು ಬಿಡುತ್ತಾರೆ. ಅಲ್ಲಿ ಒಂದು ಸಿಪ್ಪೆಯೂ ಇಲ್ಲ. ಹೆಂಗಸರು ತಿಂದದ್ದನ್ನೆಲ್ಲ ಬಾಚಿ ಚೀಲಕ್ಕೆ ತುಂಬಿಕೊಂಡಿದ್ದಾರೆ.

"ಇವತ್ತು ನಿನ್ನ ಮೊಣಕಾಲಿಗೆ ರಜಾ ಬೇ" ಎನ್ನುತ್ತಾರೆ ಮೆಹಬೂಬಬೀ.

ಹುಲಗೆಮ್ಮ ಟಾರ್ಚ್ ಹಿಡಿದು ನಿಂತೇ ಇದ್ದಾರೆ. ಇಷ್ಟು ವರ್ಷ ನೆಲವನ್ನೇ ಕೇಳಿ ತಿಳಿದವರಿಗೆ ಇವತ್ತು ಬಾಯಿಬಿಟ್ಟು ಕೇಳದೆ ಬೇರೆ ದಾರಿಯಿಲ್ಲ. ಉಳಿದವರನ್ನು ಕೇಳಬೇಕಿಲ್ಲ, ಅವರ ಮುಖಗಳೇ ಹೇಳುತ್ತಿವೆ. ತುದಿಯ ಕುರ್ಚಿಯ ಕಡೆ ತಿರುಗಿ, "ಅಕ್ಕಾ, ಹೆಂಗಿತ್ತು?" ಎನ್ನುತ್ತಾರೆ. ಇಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಒಂದು ವಾರದಲ್ಲಿ ಕೇಳಿರಲಿಲ್ಲ.

ಶೇಖರಮ್ಮ ಸೆರಗಿನ ಗಂಟು ಬಿಚ್ಚಿ, ಒಳಗಿನಿಂದ ಶೇಂಗಾ ಪೊಟ್ಟಣ ತೆಗೆದು ಹುಲಗೆಮ್ಮನ ಅಂಗೈಯಲ್ಲಿ ಇಡುತ್ತಾರೆ. ಕಟ್ಟಿದ ದಾರ ಕಟ್ಟಿದಂತೆಯೇ ಇದೆ.

"ಒಂದೂ ಒಡದಿಲ್ಲ ನೋಡು" ಎನ್ನುತ್ತಾರೆ. "ಬಾವಿ ಬಂದಾಗ ಕೈ ಹಿಡದಾಕಿ ಲೈಟ್ ಹತ್ತೋ ತನಕ ಬಿಡಲಿಲ್ಲ ನೀನು. ತಿನ್ನೋದು ಹೆಂಗ?"

ಹುಲಗೆಮ್ಮ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಸೆರಗಿನಿಂದ ಕಣ್ಣೊರೆಸಿಕೊಂಡು, ಹಿಂದಿನ ಸಾಲಿನಲ್ಲಿ ಪೆನ್ನು ಹಿಡಿದು ನಿಂತಿದ್ದ ನನ್ನ ಕಡೆ ತಿರುಗುತ್ತಾರೆ.

"ಬರಕೊಳ್ರಿ ಸರ. ಸಿನಿಮಾ ಛಲೋ ಐತಿ."